ಡ್ರೈಯರ್‌ನಲ್ಲಿ ಬಟ್ಟೆ ಒಣಗಲು ಮೂರು ಗಂಟೆ: ಕಾಯಿಲ್ ಬದಲಿಸಲೇಬೇಕೆ?

ಪ್ರಶ್ನೆ: ಪಡುಗಾಳಿ (ಮಲ್ಪೆ)

ಮಾನ್ಯರೇ,

ಮಲ್ಪೆಯಲ್ಲಿ ಕಡಲಿಗೆ ಮುಖಮಾಡಿರುವ ಮನೆ ನಮ್ಮದು. ನಾಲ್ಕು ವರ್ಷಗಳ ಹಿಂದೆ 6 ಕಿಲೋ ಸಾಮರ್ಥ್ಯದ, ತೇವದ ಗಾಳಿಯನ್ನು ಪೈಪಿನ ಮೂಲಕ ಹೊರಕ್ಕೆ ಬಿಡುವ ಬಗೆಯ ಡ್ರೈಯರ್ ಕೊಂಡಿದ್ದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದಕ್ಕೆ ಕೆಲಸ. ಉಳಿದ ಎಂಟು ತಿಂಗಳು ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ಮೂಲೆಯಲ್ಲಿರುತ್ತದೆ. ಕಳೆದ ಮಳೆಗಾಲದವರೆಗೆ ಒಂದೂಕಾಲು ಗಂಟೆಯಲ್ಲಿ ಒಣಗುತ್ತಿದ್ದಷ್ಟೇ ಬಟ್ಟೆಗೆ ಈ ವರ್ಷ ಮೂರು ಗಂಟೆ ಹಿಡಿಯುತ್ತಿದೆ, ಆಗಲೂ ಬೈರಾಸಿನ (ಟವೆಲಿನ) ಅಂಚು, ಪ್ಯಾಂಟಿನ ಕಿಸೆ ಹಸಿಯಾಗಿಯೇ ಉಳಿಯುತ್ತವೆ. ಡ್ರಮ್ ಸರಿಯಾಗಿ ತಿರುಗುತ್ತದೆ. ಗಾಳಿ ಸ್ವಲ್ಪ ಹೊತ್ತು ಚೆನ್ನಾಗಿ ಬಿಸಿಯಾಗಿರುತ್ತದೆ, ಆಮೇಲೆ ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುತ್ತದೆ. ಜೂನ್‌ನಲ್ಲಿ ಮೊದಲ ಬಾರಿ ಚಾಲೂ ಮಾಡಿದ ದಿನ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಎರಡು ಬಾರಿ ಬಿದ್ದಿತ್ತು; ಬಳಿಕ ಬಿದ್ದಿಲ್ಲ.

ರಿಪೇರಿಗೆ ಬಂದವರು ಮುಚ್ಚಳವನ್ನೂ ತೆರೆಯದೆ, ಗಾಳಿಯನ್ನು ಕಾಯಿಸುವ ಕಾಯಿಲ್ ಶಕ್ತಿ ಕಳೆದುಕೊಂಡಿದೆ, ಬದಲಿಸಬೇಕು ಎಂದರು. ಕರಾವಳಿಯ ಹವೆಗೆ ಡ್ರೈಯರ್ ಆಗುವುದೇ ಇಲ್ಲ ಎಂದೂ ಸೇರಿಸಿದರು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಕಾಲವನ್ನು ಕಂಡ ನಮ್ಮ ಅತ್ತೆಯವರಿಗೆ ಆ ಮಾತು ಬಹಳ ಹಿಡಿಸಿದೆ. ಹೊಸ ಕಾಯಿಲಿಗೆ ಹಣ ಕೊಡುವ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಹಳೆ ಫೋರ್‌ಮನ್ (ಸುರತ್ಕಲ್)

ಕಾಯಿಲ್ ಮುದಿಯಾಗಿ ನಿಧಾನಕ್ಕೆ ಶಕ್ತಿ ಕಳೆದುಕೊಳ್ಳುವ ವಸ್ತುವಲ್ಲ. ಅದು ಕಾಯುತ್ತದೆ, ಇಲ್ಲವೇ ತುಂಡಾಗಿ ಕಾಯುವುದನ್ನೇ ನಿಲ್ಲಿಸುತ್ತದೆ. ಎರಡು ಕಾಯಿಲ್‌ಗಳಿರುವ ಯಂತ್ರದಲ್ಲಿ ಒಂದು ತುಂಡಾದರೆ ಅರ್ಧ ಬಿಸಿ ಬರುವುದುಂಟು, ಆದರೆ ಆಗ ಗಾಳಿ ಉದ್ದಕ್ಕೂ ಉಗುರುಬೆಚ್ಚಗಿರುತ್ತದೆ. ತಾವು ಹೇಳಿದಂತೆ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಆಗುವುದಿಲ್ಲ. ತಮ್ಮ ಯಂತ್ರದ ಲಕ್ಷಣವೇ ಬೇರೆ. ಗಾಳಿ ಸರಾಗವಾಗಿ ಹೊರಹೋಗದಿದ್ದಾಗ ಕಾಯಿಲಿನ ಸುತ್ತ ಬಿಸಿ ಮಿತಿಮೀರುತ್ತದೆ, ಥರ್ಮೋಸ್ಟಾಟ್ ಅದನ್ನು ಕಂಡು ಕಾಯಿಲಿನ ವಿದ್ಯುತ್ತನ್ನು ಕಡಿಯುತ್ತದೆ, ಆರಿದ ಮೇಲೆ ಮತ್ತೆ ಕೊಡುತ್ತದೆ. ಹೀಗಾಗಿ ಮೂರು ಗಂಟೆಯಲ್ಲಿ ಕಾಯಿಲ್ ನಿಜಕ್ಕೂ ದುಡಿಯುವುದು ಅದರ ಒಂದು ಪಾಲಷ್ಟೇ.

ಕರಾವಳಿಯ ಹವೆಯ ಮಾತಿಗೂ ಒಂದು ಲೆಕ್ಕ ಹೇಳುತ್ತೇನೆ. ಆಟಿ ತಿಂಗಳ ಜಡಿಮಳೆಯಲ್ಲಿ 26 ಡಿಗ್ರಿಯ, ಶೇ 95 ಆರ್ದ್ರತೆಯ ಗಾಳಿ ಯಂತ್ರದೊಳಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ 13ಕ್ಕೆ ಇಳಿಯುತ್ತದೆ. ಬಟ್ಟೆಯಿಂದ ನೀರು ಹೀರಲು ಅಷ್ಟು ಒಣ ಗಾಳಿ ಧಾರಾಳವಾಗಿ ಸಾಕು. ಹೀರಿದ ನೀರನ್ನು ಹೊತ್ತು ಅದು ಮನೆಯಿಂದ ಹೊರಗೆ ಹೋಗಬೇಕು, ಅಷ್ಟೆ. ಹೋಗದೆ ಯಂತ್ರದ ಹತ್ತಿರವೇ ಸುತ್ತಾಡಿದರೆ ಯಂತ್ರ ಅದನ್ನೇ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಆದ್ದರಿಂದ ಪ್ಲಗ್ ಕಿತ್ತು, ಯಂತ್ರವನ್ನು ಮುಂದಕ್ಕೆ ಸರಿಸಿ, ಹಿಂಬದಿಯ ಪೈಪನ್ನು ಬಿಚ್ಚಿ ನೋಡಿ. ಮೊದಲನೆಯದಾಗಿ, ಸುರುಳಿ ಪೈಪು ನಡುವೆ ಜೋತುಬಿದ್ದಿದ್ದರೆ ಆ ತಗ್ಗಿನಲ್ಲಿ ಆವಿ ನೀರಾಗಿ ನಿಲ್ಲುತ್ತದೆ, ಬಟ್ಟೆಯ ಜುಂಗು ಆ ನೀರಿನಲ್ಲಿ ನೆನೆದು ಕೆಸರಿನಂತೆ ಗಟ್ಟಿಯಾಗುತ್ತದೆ. ಹೊರಗೋಡೆಯಲ್ಲಿ ಪೈಪಿನ ಬಾಯಿಗೆ ತೂಗುಮುಚ್ಚಳವಿದ್ದರೆ ಅದನ್ನು ಬೆರಳಿನಿಂದ ಎತ್ತಿ ನೋಡಿ. ಉಪ್ಪುಗಾಳಿಗೆ ಅದರ ಕೀಲು ತುಕ್ಕು ಹಿಡಿಯುತ್ತದೆ, ಎಂಟು ತಿಂಗಳ ರಜೆಯಲ್ಲಿ ಹಲ್ಲಿಯೋ ಕಣಜವೋ ಒಳಗೆ ಸಂಸಾರ ಹೂಡಿರುವುದೂ ಉಂಟು. ತಮ್ಮ ಮನೆಗೆ ವಿಶೇಷವಾಗಿ ಕೇಳಬೇಕಾದದ್ದೆಂದರೆ, ಆ ಬಾಯಿ ಯಾವ ದಿಕ್ಕಿಗಿದೆ? ಪಡುವಣಕ್ಕಿದ್ದರೆ ಮಳೆಗಾಲವಿಡೀ ಕಡಲಿನಿಂದ ನೈಋತ್ಯದ ಗಾಳಿ ನೇರ ಅದರೊಳಗೆ ನುಗ್ಗುತ್ತದೆ. ಯಂತ್ರದ ಸಣ್ಣ ಫ್ಯಾನಿಗೆ ಅದನ್ನು ಎದುರಿಸಿ ಊದುವ ತ್ರಾಣವಿಲ್ಲ.

ಖಚಿತಪಡಿಸಿಕೊಳ್ಳಲು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಪೈಪಿಲ್ಲದೆ ಒಂದೇ ಒಂದು ಸಲ ಬಟ್ಟೆ ಒಣಗಿಸಿ ಸಮಯ ಬರೆದಿಟ್ಟುಕೊಳ್ಳಿ. ಹಳೆಯ ಒಂದೂಕಾಲು ಗಂಟೆಯ ಹತ್ತಿರಕ್ಕೆ ಬಂದರೆ ದೋಷ ಯಂತ್ರದಲ್ಲಿಲ್ಲ.

ಉತ್ತರ 2: ಮೀಟರ್ ಮುಳ್ಳು (ಕಾಪು)

ಮೇಲಿನವರ ಮಾತು ಸರಿ. ಆದರೆ ವೋಲ್ಟೇಜನ್ನೂ ಅಳೆಯದೆ ಬಿಡಬೇಡಿ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕೊಡುವ ಕಾಯಿಲ್ 195 ವೋಲ್ಟ್‌ನಲ್ಲಿ ಸುಮಾರು 1440 ವ್ಯಾಟ್ ಮಾತ್ರ ಕೊಡುತ್ತದೆ. ಊರಿನವರೆಲ್ಲ ಗೀಸರ್ ಹಾಕುವ ಸಂಜೆಯ ಹೊತ್ತನ್ನು ಬಿಟ್ಟು ಮಧ್ಯಾಹ್ನ ಯಂತ್ರ ಹಾಕಿ ನೋಡಿ.

ಕಾಯಿಲಿನ ಬಗ್ಗೆ ಅನುಮಾನ ತೀರದಿದ್ದರೆ ಪ್ಲಗ್ ಕಿತ್ತು, ಕಾಯಿಲಿನ ಒಂದು ತಂತಿಯನ್ನು ಬಿಡಿಸಿ, ಮಲ್ಟಿಮೀಟರ್‌ನಲ್ಲಿ ರೋಧ ಅಳೆಯಬಹುದು. 2000 ವ್ಯಾಟ್‌ನದ್ದಾದರೆ 26 ಓಮ್ ಆಸುಪಾಸು ತೋರಿಸಬೇಕು. ತೋರಿಸಿದರೆ ಕಾಯಿಲ್ ಆರೋಗ್ಯವಾಗಿದೆ. ಕೈ ಹಾಕಿ ಅಭ್ಯಾಸವಿಲ್ಲದಿದ್ದರೆ ಇದನ್ನು ಬಲ್ಲ ಎಲೆಕ್ಟ್ರಿಶಿಯನ್‌ಗೇ ಬಿಡಿ. 16 ಆಂಪಿಯರ್ ಸಾಕೆಟ್ಟನ್ನೂ ನೋಡಿಸಿ: ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಅದರ ಪಿನ್ ಕಪ್ಪಾಗಿದ್ದರೆ ಒಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ.

ಮುಂದೆ ಎಂದಾದರೂ ಡ್ರಮ್ ತಿರುಗಿಯೂ ಬಿಸಿ ಪೂರ್ತಿ ನಿಂತರೆ, ಮಿತಿಮೀರಿ ಕಾದಾಗ ವಿದ್ಯುತ್ತನ್ನು ಕಡಿಯುವ ಥರ್ಮಲ್ ಫ್ಯೂಸ್ ಹೋಗಿರುವ ಸಂಭವವಿದೆ. ಅದು ಒಮ್ಮೆ ಹೋದರೆ ಹೋದಂತೆಯೇ, ತಾನಾಗಿ ಮರಳುವುದಿಲ್ಲ. ತಂತಿ ತುಂಡು ಸೇರಿಸಿ ಅದನ್ನು ದಾಟಿಸಿಕೊಡುತ್ತೇನೆ ಎನ್ನುವವರಿಗೆ ಯಂತ್ರ ಮುಟ್ಟಲು ಕೊಡಬೇಡಿ. ಮನೆಗೆ ಬೆಂಕಿ ತಗಲದಂತೆ ಕಾಯುವ ಕೊನೆಯ ಕಾವಲು ಅದೇ.

ಉತ್ತರ 3: ಕದ್ರಿ ಗುಡ್ಡೆ (ಮಂಗಳೂರು)

ಪೈಪಿಲ್ಲದ ಪರೀಕ್ಷೆಯನ್ನು ನಿಜವಾಗಿಯೂ ಒಂದು ಸಲಕ್ಕೇ ನಿಲ್ಲಿಸಿ. ನಾನು ಸೋಮಾರಿತನದಿಂದ ಒಂದು ಇಡೀ ಜುಲೈ ತಿಂಗಳು ಹಾಗೆಯೇ ಓಡಿಸಿ, ಪಕ್ಕದ ಕಪಾಟಿನ ಹಿಂಬದಿಯಲ್ಲಿ ಅಂಗೈಯಗಲ ಬೂಸ್ಟು ಬೆಳೆಸಿದ್ದೇನೆ.

ಫಿಲ್ಟರಿನ ಜುಂಗನ್ನು ತಾವು ಪ್ರತಿ ಬಾರಿ ತೆಗೆಯುತ್ತಿರಬಹುದು, ಆದರೆ ಬಟ್ಟೆ ಮೃದುವಾಗಲು ಹಾಕುವ ದ್ರವದ ಅಂಶ ಅದರ ಜಾಲರಿಗೆ ಕಣ್ಣಿಗೆ ಕಾಣದ ಪೊರೆಯಂತೆ ಅಂಟಿಕೊಳ್ಳುತ್ತದೆ. ಜಾಲರಿಯ ಮೇಲೆ ಒಂದು ಲೋಟ ನೀರು ಹೊಯ್ಯಿರಿ. ನೀರು ಇಳಿಯದೆ ನಿಂತರೆ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.

ಬಟ್ಟೆ ಎಷ್ಟು ನೀರು ಹೊತ್ತುಕೊಂಡು ಡ್ರೈಯರ್‌ಗೆ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಕಡಿಮೆಯೆಂದರೂ 0.65 ಯೂನಿಟ್‌ನಷ್ಟು ವಿದ್ಯುತ್ ಬೇಕು. ಮೂರು ಲೀಟರ್ ಇದ್ದರೆ 2000 ವ್ಯಾಟ್ ಯಂತ್ರಕ್ಕೆ ಒಂದು ಗಂಟೆಯ ದುಡಿಮೆ ಅದಕ್ಕೇ ಆಯಿತು. ವಾಷಿಂಗ್ ಮೆಷಿನ್‌ನಲ್ಲಿ ಇನ್ನೊಮ್ಮೆ ಹಿಂಡಿಸಿದರೆ ತಗಲುವ ಖರ್ಚು ಅದರ ಮುಂದೆ ಏನೂ ಅಲ್ಲ.

ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಎಣ್ಣೆಸ್ನಾನದ ಬೈರಾಸು, ಮೈಕೈ ನೋವಿನ ತೈಲ ಹಚ್ಚಿದ ಪಂಚೆ, ಅಡುಗೆಮನೆಯ ಮಸಿಬಟ್ಟೆಗಳನ್ನು ಡ್ರೈಯರ್‌ಗೆ ಹಾಕದಿರುವುದು ಕ್ಷೇಮ. ಎಳ್ಳೆಣ್ಣೆಯಂಥ ಎಣ್ಣೆಗಳು ಬಟ್ಟೆಯಲ್ಲಿ ಉಳಿದಿದ್ದರೆ ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ತಾವೇ ಕಾಯತೊಡಗುತ್ತವೆ, ಮಡಿಸಿ ರಾಶಿ ಹಾಕಿದ ಮೇಲೂ ಆ ಕಾವು ಏರಿ ಬೆಂಕಿಯಾಗಬಲ್ಲದು. ಕೊನೆಯಲ್ಲಿ ಬಿಸಿಯಿಲ್ಲದೆ ಡ್ರಮ್ ತಿರುಗುವ ಹತ್ತು ನಿಮಿಷವನ್ನು ಅವಸರಕ್ಕೆ ನಿಲ್ಲಿಸಬಾರದು ಎನ್ನುವುದೂ ಬಟ್ಟೆಯ ಕಾವು ಇಳಿಯಲೆಂದೇ.

ಮರಳಿ ಪಡುಗಾಳಿ (ಮಲ್ಪೆ)

ಎಲ್ಲರಿಗೂ ವಂದನೆಗಳು. ಭಾನುವಾರ ಪೈಪು ಬಿಚ್ಚಿದೆ. ಜೋತುಬಿದ್ದ ಭಾಗದಲ್ಲಿ ಒಂದು ಚೊಂಬಿನಷ್ಟು ನೀರು, ಅದರಲ್ಲಿ ಕೊಳೆತ ಜುಂಗಿನ ಮುದ್ದೆ. ಹೊರಗಿನ ಬಾಯಿ ಪಡುವಣಕ್ಕೇ ಇತ್ತು, ಮುಚ್ಚಳ ಅರ್ಧ ತೆರೆದು ತುಕ್ಕಿಗೆ ಕಚ್ಚಿಕೊಂಡಿತ್ತು. ಸದ್ಯಕ್ಕೆ ಪೈಪನ್ನು ಗಿಡ್ಡ ಮಾಡಿ, ಹೊರಕ್ಕೆ ಇಳಿಜಾರಾಗಿ ಕಟ್ಟಿ, ಉತ್ತರದ ಕಿಟಕಿಗೆ ತಿರುಗಿಸಿದ್ದೇನೆ. ಮಧ್ಯಾಹ್ನ ಹಾಕಿದ ಬಟ್ಟೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಒಣಗಿತು. ಸಂಜೆ ಏಳಕ್ಕೆ ಹಾಕಿದ್ದಕ್ಕೆ ಮಾತ್ರ ಒಂದೂಮುಕ್ಕಾಲು ಗಂಟೆ ಬೇಕಾಯಿತು. ಆಗ ವೋಲ್ಟೇಜ್ 198 ಇತ್ತು. ಕಾಯಿಲಿನ ವಿಚಾರ ಬಿಟ್ಟಿದ್ದೇನೆ. ಜೂನ್‌ನಲ್ಲಿ ಆರ್‌ಸಿಸಿಬಿ ಬಿದ್ದದ್ದೇಕೆ ಎಂಬುದೊಂದು ಉಳಿಯಿತು.

ಉತ್ತರ 4: ಹಳೆ ಫೋರ್‌ಮನ್ (ಸುರತ್ಕಲ್)

ತಮ್ಮದು ಲೋಹದ ಕೊಳವೆಯೊಳಗೆ ಕಾಯಿಲ್ ಇರುವ ಬಗೆಯದಾದರೆ, ಕೊಳವೆಯಲ್ಲಿ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ಎಂಟು ತಿಂಗಳಲ್ಲಿ ತೇವ ಹೀರಿರುತ್ತದೆ. ಮೊದಲ ದಿನ ಅದರ ಮೂಲಕ ಸ್ವಲ್ಪ ವಿದ್ಯುತ್ ಅರ್ತ್ ತಂತಿಗೆ ಸೋರುತ್ತದೆ, ಕಾದು ಒಣಗಿದ ಮೇಲೆ ನಿಲ್ಲುತ್ತದೆ. ಬೇಸಗೆಯಲ್ಲಿಯೂ ತಿಂಗಳಿಗೊಮ್ಮೆ ಹದಿನೈದು ನಿಮಿಷ ಬಿಸಿಯಲ್ಲಿ ಓಡಿಸುತ್ತಿರಿ. ಮತ್ತೆ ಬಿದ್ದರೆ ಮೆಗ್ಗರ್ ಎಂಬ ಮಾಪಕದಿಂದ ಇನ್ಸುಲೇಶನ್ (ವಿದ್ಯುತ್ ಸೋರದಂತೆ ಇರುವ ತಡೆ) ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಯಂತ್ರ ಬಳಸಬೇಡಿ. ಆರ್‌ಸಿಸಿಬಿಯನ್ನಂತೂ ಯಾವ ಕಾರಣಕ್ಕೂ ತೆಗೆಸಬೇಡಿ.