ಹೈಸ್ಕೂಲ್ ಲ್ಯಾಬ್‌ನ ಭದ್ರತೆ, ಮಕ್ಕಳಿಗೆ ಸೈಬರ್ ಪಾಠ: ಮೊದಲು ಯಾವುದು?

ಲ್ಯಾಬ್‌ಮೇಷ್ಟ್ರು:
ಸರ್ಕಾರಿ ಪ್ರೌಢಶಾಲೆ, 8ರಿಂದ 10ನೇ ತರಗತಿ. ಲ್ಯಾಬಲ್ಲಿ 12 ಡೆಸ್ಕ್‌ಟಾಪ್, ಎಲ್ಲಾ ವಿಂಡೋಸ್ 10, ಎಲ್ಲದಕ್ಕೂ ಒಂದೇ ಅಡ್ಮಿನ್ ಲಾಗಿನ್. ರೂಟರ್ ಒಂದೇ, ಆಫೀಸಿಗೂ ಮಕ್ಕಳಿಗೂ ಅದೇ ವೈಫೈ ಪಾಸ್‌ವರ್ಡ್. ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ಪೋರ್ಟಲ್) ಎಂಟ್ರಿ ಆಗೋದೂ ಇದೇ ಲ್ಯಾಬಿನ ಒಂದು ಮೆಷಿನ್‌ನಲ್ಲಿ. ದುಡ್ಡು ಖರ್ಚು ಮಾಡೋ ಹಾಗಿಲ್ಲ. ಏನನ್ನು ಮೊದಲು ಸರಿ ಮಾಡಬೇಕು? ಜೊತೆಗೆ, ಮಕ್ಕಳಿಗೆ 40 ನಿಮಿಷದ ನಾಲ್ಕು ಪೀರಿಯಡ್ ಸಿಕ್ಕಿದೆ. ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಅಂತ ಚಾರ್ಟ್ ಅಂಟಿಸೋದು ಬಿಟ್ಟು ಏನು ಮಾಡಿಸಬಹುದು?

ತಂತಿಜಾಲ:
ಮೊದಲು ಸ್ಯಾಟ್ಸ್ ಮೆಷಿನ್ ಬೇರೆ ಮಾಡಿ. ಅದು ಆಫೀಸಿಗೆ ಹೋಗಲಿ. ಆ ಲಾಗಿನ್ ಇದ್ದವರ ಕೈಗೆ ಇಡೀ ಶಾಲೆಯ ಮಕ್ಕಳ ದಾಖಲೆ ಸಿಗುತ್ತೆ. ಲ್ಯಾಬಿನ ಬೇರೆ ಮೆಷಿನ್‌ಗಳ ಬ್ರೌಸರ್‌ನಲ್ಲೂ ಆ ಪಾಸ್‌ವರ್ಡ್ ಸೇವ್ ಆಗಿ ಕೂತಿರುವ ಸಾಧ್ಯತೆ ಜಾಸ್ತಿ. ಎಲ್ಲ ಕಡೆ ಅಳಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಈ ಕ್ರಮ ತಿರುಗಿಸಿದರೆ ಹೊಸದೂ ಸೇವ್ ಆಗಿಬಿಡುತ್ತೆ.

ಮಕ್ಕಳಿಗೆ ಪ್ರತಿ ಮೆಷಿನ್‌ನಲ್ಲಿ ಹೊಸ ಸ್ಟ್ಯಾಂಡರ್ಡ್ ಯೂಸರ್ (ಅಡ್ಮಿನ್ ಅಧಿಕಾರ ಇಲ್ಲದ) ಖಾತೆ ಮಾಡಿ. ಈಗಿರುವ ಅಡ್ಮಿನ್ ಖಾತೆಯನ್ನೇ ಸ್ಟ್ಯಾಂಡರ್ಡ್‌ಗೆ ಇಳಿಸಿ ಕೊಡಬೇಡಿ, ಹಳೇ ಫೈಲು, ಲಾಗಿನ್ ಎಲ್ಲ ಅದರೊಳಗೇ ಉಳಿದಿರುತ್ತೆ. ಅಡ್ಮಿನ್ ಪಾಸ್‌ವರ್ಡ್ ಬರೆದ ಚೀಟಿ ಲಕೋಟೆಯಲ್ಲಿ ಮುಚ್ಚಿ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ, ಇಲ್ಲದಿದ್ದರೆ ನಿಮ್ಮ ವರ್ಗಾವಣೆಯ ಮಾರನೇ ದಿನ ಲ್ಯಾಬ್ ಬೀಗ ಬಿದ್ದ ಹಾಗೆ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಮೆಷಿನ್‌ನೊಳಗಿನ ಭದ್ರತಾ ಚಿಪ್) ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು. ಅದಿಲ್ಲದ ಮೆಷಿನ್‌ಗೆ ವಿಂಡೋಸ್ ಬದಲು ಉಚಿತವಾದ ಉಬುಂಟು ಹಾಕಿ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೇ ಇದೆ. ತೊಂದರೆ ಬರೋದು ಯೂನಿಕೋಡ್ ಅಲ್ಲದ ಹಳೇ ‘ನುಡಿ’ ತಂತ್ರಾಂಶದ ಫೈಲುಗಳಲ್ಲಿ, ಫಾಂಟ್ ಇಲ್ಲದಿದ್ದರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ. ಮೊದಲೇ ಪರಿವರ್ತಿಸಿಟ್ಟುಕೊಳ್ಳಿ.

ರೂಟರ್ ಪುಟಕ್ಕೆ (ಹೆಚ್ಚಿನವಕ್ಕೆ 192.168.1.1) ಹೋಗಿ ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ವೈಫೈ ಪಾಸ್‌ವರ್ಡ್ ಇಲ್ಲದೆ ಬಟನ್ ಅಥವಾ ಪಿನ್‌ನಿಂದ ಸೇರುವ ದಾರಿ) ಆಫ್ ಮಾಡಿ, ಲ್ಯಾಬಿಗೆ ಆಫೀಸಿನಿಂದ ಬೇರೆಯಾದ ಗೆಸ್ಟ್ ನೆಟ್‌ವರ್ಕ್ ಕೊಡಿ. ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್‌ನ ಈ ಉಚಿತ ಸೇವೆ ಮಾಲ್ವೇರ್ ಮತ್ತು ಅಶ್ಲೀಲ ತಾಣ ಎರಡನ್ನೂ ತಡೆಯುತ್ತೆ. ಎರಡನೇ ಖಾನೆಯಲ್ಲಿ ‘ಇರಲಿ’ ಅಂತ ಏನನ್ನೂ ತಡೆಯದ ಗೂಗಲ್‌ನ 8.8.8.8 ಹಾಕೋರು ತುಂಬ ಜನ. ಕಂಪ್ಯೂಟರ್ ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದು, ಹಾಗಾಗಿ ಹಾಕಿದ ಜರಡಿ ಅಲ್ಲೇ ತೂತು. ಬ್ರೌಸರ್‌ನ ‘ಸೆಕ್ಯೂರ್ ಡಿಎನ್‌ಎಸ್’ ಕೂಡ ಆಫ್ ಇರಬೇಕು, ಅದು ರೂಟರ್ ಹೇಳಿದ್ದನ್ನು ದಾಟಿ ಹೋಗಬಲ್ಲದು.

ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಫಾರ್ಮ್ಯಾಟ್ ಮಾಡಬೇಡಿ. ಫೈಲು ಅಲ್ಲೇ ಇರುತ್ತೆ, ವೈರಸ್ ಅದಕ್ಕೆ ಹಿಡನ್ ಮತ್ತು ಸಿಸ್ಟಂ ಗುರುತು ಹಾಕಿರುತ್ತೆ ಅಷ್ಟೆ. ಶಾರ್ಟ್‌ಕಟ್ ಒತ್ತದೆ ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಆ ಗುರುತು ತೆಗೆಯಿರಿ.

ಪಾಠಚೀಲ:
ಪಾಠದ ವಿಷಯ. ಹೆಚ್ಚಿನ ಮಕ್ಕಳ ಕೈಯಲ್ಲಿರೋದು ಅಪ್ಪ ಅಮ್ಮನ ಫೋನು, ಅದರಲ್ಲೇ ಮನೆಯ ಯುಪಿಐ. ಹಾಗಾಗಿ ಪಾಠ ಮನೆಯ ಫೋನಿಗೆ ಹೊಂದಬೇಕು, ಲ್ಯಾಬಿನ ಡೆಸ್ಕ್‌ಟಾಪಿಗಲ್ಲ.

ಮೊದಲ ಪೀರಿಯಡ್‌ಗೆ ಕನ್ನಡದಲ್ಲೇ ಬರುವ 10 ಮೆಸೇಜು ಪ್ರಿಂಟ್ ಮಾಡಿಕೊಳ್ಳಿ: ಉಚಿತ ಲ್ಯಾಪ್‌ಟಾಪ್, ಸ್ಕಾಲರ್‌ಶಿಪ್ ಬಂತು, ಟ್ರಾಫಿಕ್ ದಂಡ, ಮದುವೆ ಕರೆಯೋಲೆ ಹೆಸರಿನ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲು. ಮೂರ್ನಾಲ್ಕು ಅಸಲಿಯೂ ಇರಲಿ. ಎಲ್ಲವೂ ನಕಲಿಯಾದರೆ ಮಕ್ಕಳು ಓದದೇ ‘ಮೋಸ’ ಅಂದುಬಿಡ್ತಾರೆ. ವಿಳಾಸ ಓದೋದನ್ನು ಕಲಿಸಿ: ‘ಎಚ್‌ಟಿಟಿಪಿಎಸ್’ ಆದ ಮೇಲಿನ ಮೊದಲ ಒಂಟಿ ಓರೆಗೆರೆ ಹುಡುಕಿ, ಅಲ್ಲಿಂದ ಎಡಕ್ಕೆ ಓದಿ. ಆ ಗೆರೆಗೆ ತಾಗಿಯೇ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ಸರ್ಕಾರದ್ದು. ‘ಕರ್ನಾಟಕ’, ‘ಗವ್’ ಎಂಬ ಪದಗಳು ಬೇರೆಲ್ಲೋ ನಡುವೆ ಇದ್ದರೆ ಅದಕ್ಕೆ ಬೆಲೆಯಿಲ್ಲ. ಬೀಗದ ಚಿತ್ರ ನೋಡಿ ನಂಬಿ ಅಂತ ಹೇಳಲೇಬೇಡಿ, ನಕಲಿ ತಾಣಕ್ಕೂ ಬೀಗ ಬರುತ್ತೆ.

ಎರಡನೆಯದರಲ್ಲಿ ಯುಪಿಐ, ವಾಟ್ಸಾಪ್. ಹಣ ಪಡೆಯೋಕೆ ಪಿನ್ ಬೇಡ ಅನ್ನೋ ಒಂದು ಮಾತನ್ನು ಮನೆಯವರಿಗೂ ಹೇಳಿಸಿ. ವಾಟ್ಸಾಪಿಗೆ 6 ಅಂಕಿಯ ಟೂ-ಸ್ಟೆಪ್ ಪಿನ್ ಹಾಕೋದು, ಲಿಂಕ್ಡ್ ಡಿವೈಸಸ್‌ನಲ್ಲಿ ಬೇರೆ ಯಾವ ಸಾಧನದಲ್ಲಿ ಖಾತೆ ತೆರೆದಿದೆ ಅಂತ ನೋಡೋದು ಮನೆಗೆಲಸ. ಪಿನ್ ಹಾಕುವಾಗ ಇಮೇಲ್ ಕೊಡದೆ ಮುಂದೆ ಹೋದವರು ಪಿನ್ ಮರೆತರೆ ಒಂದು ವಾರದವರೆಗೆ ಕಾಯಬೇಕಾಗುತ್ತೆ.

ಮೂರನೆಯದು ಕಷ್ಟದ ಪೀರಿಯಡ್: ಫೋಟೋ, ಬೆದರಿಕೆ. ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, ಬ್ಲಾಕ್ ಮಾಡುವ ಮೊದಲು ಯೂಸರ್‌ನೇಮ್, ದಿನಾಂಕ, ಬೆದರಿಕೆಯ ಮಾತು ಕಾಣುವ ಸ್ಕ್ರೀನ್‌ಶಾಟ್ ತೆಗೆಯಿರಿ. ಶಿಕ್ಷಕರಿಗೆ ಇಲ್ಲೊಂದು ಎಚ್ಚರಿಕೆ: ‘ಆ ಫೋಟೋ ನನಗೆ ಕಳಿಸು, ನೋಡ್ತೀನಿ’ ಅನ್ನಬೇಡಿ. ಮಕ್ಕಳ ಅಂಥ ಚಿತ್ರ ಇಟ್ಟುಕೊಳ್ಳೋದು, ದಾಟಿಸೋದು ಐಟಿ ಕಾಯ್ದೆಯ 67ಬಿ ಅಡಿ ಅಪರಾಧ. ಫೋನು ಹಾಗೇ ಇಟ್ಟು ಪೊಲೀಸರಿಗೆ ತಿಳಿಸಿ. ಪೋಕ್ಸೋ 19ನೇ ಕಲಂ ಪ್ರಕಾರ ತಿಳಿಸೋದು ನಿಮ್ಮ ಕರ್ತವ್ಯ, ಶಾಲೆಯ ಮರ್ಯಾದೆ ಅಂತ ಒಳಗೇ ಮುಚ್ಚಿಹಾಕಿದರೆ ಶಿಕ್ಷೆಯಿದೆ. 18ರೊಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗಲ್ಲ, ಅದರ ಹ್ಯಾಶ್ (ಬೆರಳಚ್ಚಿನಂಥ ಗುರುತು ಸಂಖ್ಯೆ) ಮಾತ್ರ ಹೋಗುತ್ತೆ.

ನಾಲ್ಕನೆಯದು ತಾಲೀಮು. ದುಡ್ಡು ಹೋಯಿತು ಅಂದುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಏನು ಹೇಳಬೇಕು ಅಂತ ಜೋಡಿಯಾಗಿ ಆಡಿಸಿ: ಬ್ಯಾಂಕ್, ಸಮಯ, ಮೊತ್ತ, 12 ಅಂಕಿಯ ಯುಪಿಐ ರೆಫರೆನ್ಸ್. ನಿಜವಾಗಿ ಆದಾಗ ಆ ಸಂಖ್ಯೆ ಹುಡುಕೋದರಲ್ಲೇ ಹೊತ್ತು ಹೋಗುತ್ತೆ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತೆ. ಮಕ್ಕಳ ಸಹಾಯವಾಣಿ 1098 ಕೂಡ ಬಾಯಿಪಾಠ ಇರಲಿ.

ಕಡತಕೋಣೆ:
ಮೇಲಿನ ಎರಡೂ ಸರಿ, ಆದರೆ ನನ್ನ ಪ್ರಕಾರ ಅತಿ ಹೆಚ್ಚು ಸೋರೋದು ಶಿಕ್ಷಕರ ಫೋನಿನಿಂದ. ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಫೋಟೋಗಳು ತರಗತಿ ಗ್ರೂಪಿನಲ್ಲಿ ಬಂದು ಬೀಳ್ತವೆ, ಎಲ್ಲ ಪೋಷಕರಿಗೂ ಕಾಣುತ್ತೆ. ‘ಲಿಂಕ್ ಇರುವ ಯಾರಾದರೂ’ ತೆರೆಯಬಹುದಾದ ಗೂಗಲ್ ಶೀಟ್‌ನಲ್ಲಿ ಇಡೀ ತರಗತಿಯ ವಿವರ ಇರುತ್ತೆ. 2023ರ ಡಿಪಿಡಿಪಿ (ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆ) ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಪಟ್ಟಿಯಲ್ಲಿ ಆಧಾರ್‌ನ ಕೊನೆಯ 4 ಅಂಕಿ ಮಾತ್ರ ಇಡಿ. ಸೂಚನೆಗಳಿಗೆ ಗ್ರೂಪ್ ಬದಲು ವಾಟ್ಸಾಪ್ ಕಮ್ಯೂನಿಟಿಯ ಅನೌನ್ಸ್‌ಮೆಂಟ್ ಬಳಸಿ, ಅಲ್ಲಿ ಪೋಷಕರ ನಂಬರ್ ಒಬ್ಬರಿಗೊಬ್ಬರಿಗೆ ಕಾಣಲ್ಲ.

ಇನ್ನೊಂದು: ದೂರು ಹೇಳಿದ ಮಗುವಿನ ಫೋನು ಕಿತ್ತುಕೊಳ್ಳುವ ಪದ್ಧತಿ ಇದ್ದರೆ ಮುಂದಿನ ಮಗು ಹೇಳಲ್ಲ. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಪೋಷಕರಿಗೆ ಹೇಳಿ.

ಲ್ಯಾಬ್‌ಮೇಷ್ಟ್ರು:
ಡಿಎನ್‌ಎಸ್ ಹಾಕಿದೆ. ಕೆಲವು ಮೆಷಿನ್‌ನಲ್ಲಿ ತಡೆಯುತ್ತೆ, ಕೆಲವದರಲ್ಲಿ ಇಲ್ಲ. ಸೆಕ್ಯೂರ್ ಡಿಎನ್‌ಎಸ್ ಎಲ್ಲದರಲ್ಲೂ ಆಫ್.

ತಂತಿಜಾಲ:
ಇದಕ್ಕೆ ಕಾರಣ ಐಪಿವಿ6 ಇರಬಹುದು (ಇಂಟರ್ನೆಟ್ ವಿಳಾಸದಲ್ಲಿ ಐಪಿವಿ4 ಹಳೇ ಬಗೆ, ಐಪಿವಿ6 ಹೊಸದು). ನೀವು ಹಾಕಿದ್ದು ಐಪಿವಿ4ರ ಡಿಎನ್‌ಎಸ್, ಐಪಿವಿ6 ಇನ್ನೂ ಇಂಟರ್ನೆಟ್ ಕಂಪನಿಯದನ್ನೇ ಕೇಳುತ್ತಿರುತ್ತೆ. ರೂಟರ್‌ನಲ್ಲಿ ಬದಲಿಸಲು ಬಿಡದಿದ್ದರೆ ಆ ಮೆಷಿನ್‌ಗಳ ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ ಐಪಿವಿ6 ಟಿಕ್ ತೆಗೆಯಿರಿ. ಸ್ಟ್ಯಾಂಡರ್ಡ್ ಖಾತೆಯ ಮಕ್ಕಳಿಗೆ ಅದನ್ನು ವಾಪಸ್ ಹಾಕೋಕೆ ಬರಲ್ಲ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಎನ್‌ಎಸ್ ಫ್ಲಶ್ ಮಾಡಿ (ಮೆಷಿನ್ ನೆನಪಿಟ್ಟ ಹಳೇ ಉತ್ತರ ಅಳಿಸಿ) ‘ಮಾಲ್ವೇರ್ ಡಾಟ್ ಟೆಸ್ಟ್‌ಕ್ಯಾಟಗರಿ ಡಾಟ್ ಕಾಮ್’ ತೆರೆಯಿರಿ. ಪರೀಕ್ಷೆಗೆಂದೇ ಇಟ್ಟಿರುವ, ಅಪಾಯವಿಲ್ಲದ ಪುಟ ಅದು. ಅದೇ ಹೆಸರನ್ನು ಎನ್‌ಎಸ್‌ಲುಕಪ್ ಕಮಾಂಡಿಗೆ ಕೊಟ್ಟಾಗ ಉತ್ತರ 0.0.0.0 ಬಂದರೆ ತಡೆ ಕೆಲಸ ಮಾಡುತ್ತಿದೆ.