ಶ್ರೀಲಂಕಾದಿಂದ ಚಹಾ ತರುವುದಾದರೆ ಯಾವುದನ್ನು ತರಬೇಕು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ದಾವಣಗೆರೆಯಿಂದ)

ಜುಲೈ ಕೊನೆಯ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಎಂಟು ದಿನಗಳ ಮಟ್ಟಿಗೆ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಆ ದೇಶದ ಹೆಸರೆತ್ತಿದರೆ ಸಾಕು, ಎಲ್ಲರೂ ಸಿಲೋನ್ ಚಹಾ ತನ್ನಿ ಎನ್ನುತ್ತಾರೆ. ಆದರೆ ಹಿಂದೊಮ್ಮೆ ನಮ್ಮ ಚಿಕ್ಕಪ್ಪ ತಂದುಕೊಟ್ಟ ದುಬಾರಿ ಪೊಟ್ಟಣವನ್ನು ಹಾಲಿಗೆ ಹಾಕಿ ಎಷ್ಟು ಕುದಿಸಿದರೂ ಬಣ್ಣ ಏರಲಿಲ್ಲ, ಖಡಕ್ ಆಗಲೂ ಇಲ್ಲ. ಏನನ್ನು ನೋಡಿ ಕೊಳ್ಳಬೇಕು, ಯಾವ ಕಡೆಯ ತೋಟಗಳನ್ನು ನೋಡಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಆ ಪೊಟ್ಟಣದಲ್ಲಿ ಇದ್ದದ್ದು ಬಹುಶಃ ಉದ್ದ ಎಲೆಯ ಚಹಾ. ನುವಾರ ಎಲಿಯದಿಂದ ತಂದ ಅಂಥದ್ದೇ ಎಲೆಯನ್ನು ಹಾಲು, ಸಕ್ಕರೆ, ಶುಂಠಿಯ ಜತೆ ಉಕ್ಕಿಸಿ ಕೆಡಿಸಿದವಳು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ದಿನವೂ ಬಳಸುವ ಕಾಳುಕಾಳಾದ ಪುಡಿ ಸಿಟಿಸಿ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಉಂಡೆ ಕಟ್ಟಿಸಿದ್ದು. ಅದಕ್ಕೆ ಹಾಲು ಸುರಿದರೂ ಒಗರು ತಗ್ಗುವುದಿಲ್ಲ. ಶ್ರೀಲಂಕಾದಲ್ಲಿ ಬಹುಪಾಲು ಇಂದಿಗೂ ಹಳೆಯ ಆರ್ಥೊಡಾಕ್ಸ್ ಕ್ರಮವೇ ನಡೆಯುತ್ತಿದೆ. ಅಲ್ಲಿ ಕೊಯ್ದ ಎಲೆಯನ್ನು ರಾತ್ರಿಯಿಡೀ ಗಾಳಿಗೆ ಬಾಡಿಸಿ, ಉರುಳು ಯಂತ್ರದಲ್ಲಿ ಹೊಸೆದು, ಕೆಂಪಾಗುವವರೆಗೆ ಹರಡಿಟ್ಟು, ಒಣಗಿಸಿ, ಕೊನೆಗೆ ಜರಡಿ ಹಿಡಿಯುತ್ತಾರೆ. ಪೊಟ್ಟಣದ ಮೇಲಿನ ಒಪಿ, ಬಿಒಪಿ, ಬಿಒಪಿಎಫ್, ಡಸ್ಟ್ ಎಂಬ ಅಕ್ಷರಗಳು ಈ ಜರಡಿಯಿಂದ ಬಂದವು. ಒಪಿ ಎಂದರೆ ಆರೆಂಜ್ ಪೆಕೋ, ಉದ್ದನೆಯ ಎಲೆ. ಹೆಸರಿನಲ್ಲಿ ಆರೆಂಜ್ ಇದ್ದರೂ ಕಿತ್ತಳೆಗೂ ಇದಕ್ಕೂ ಸಂಬಂಧವಿಲ್ಲ. ಬಿಒಪಿ ಅದರ ನುಚ್ಚು, ಬಿಒಪಿಎಫ್ ಇನ್ನೂ ಸಣ್ಣದು, ಡಸ್ಟ್ ಎಲ್ಲಕ್ಕಿಂತ ನುಣ್ಣಗಿನದು. ಇವು ಕಣದ ಗಾತ್ರವನ್ನು ಹೇಳುತ್ತವೆಯೇ ಹೊರತು ಮೇಲು ಕೀಳನ್ನಲ್ಲ, ಹಾಗಾಗಿ ಡಸ್ಟ್ ಎಂದರೆ ಕಸ ಎಂದು ತಿಳಿಯಬೇಡಿ. ಕಣ ಸಣ್ಣದಾದಷ್ಟೂ ಬೇಗ ಬಣ್ಣ ಬಿಡುತ್ತದೆ. ನಿಮ್ಮ ಮನೆಯಲ್ಲಿ ಹಾಲಿನ ಚಹಾ ಬಿಟ್ಟು ಬೇರೇನೂ ನಡೆಯದು ಎಂದಾದರೆ ಬಿಒಪಿಎಫ್ ಅಥವಾ ಡಸ್ಟ್ ಕೊಳ್ಳಿ, ಅದರಲ್ಲಿಯೂ ತಗ್ಗಿನ ನಾಡಿನದನ್ನು.

ತಗ್ಗು ಎಂದೆನಲ್ಲ, ಅಲ್ಲಿ ಚಹಾವನ್ನು ಎತ್ತರದಿಂದ ಅಳೆಯುತ್ತಾರೆ. ಸುಮಾರು 600 ಮೀಟರ್‌ಗಿಂತ ಕೆಳಗೆ ಬೆಳೆದದ್ದು ತಗ್ಗಿನದು, 1,200 ಮೀಟರ್‌ಗಿಂತ ಮೇಲಿನದು ಎತ್ತರದ್ದು, ನಡುವಿನದು ಮಧ್ಯಮ. ದಕ್ಷಿಣದ ರುಹುಣ ಮತ್ತು ಸಬರಗಮುವ ಪ್ರದೇಶಗಳ ಚಹಾ ಕಪ್ಪಗೆ, ಗಡುಸಾಗಿರುತ್ತದೆ. 1,800 ಮೀಟರ್ ಆಸುಪಾಸಿನ ನುವಾರ ಎಲಿಯದ್ದು ತಿಳಿ ಹೊಂಬಣ್ಣದ್ದು, ಹೂವಿನಂತೆ ನವಿರು; ಅದಕ್ಕೆ ಹಾಲು ಬೆರೆಸುವುದು ಮೈಸೂರು ಮಲ್ಲಿಗೆಗೆ ಅತ್ತರು ಹಚ್ಚಿದಂತೆ.

ಅಂಥ ಎಲೆಯನ್ನು ಕುದಿಸುವಂತಿಲ್ಲ. ನಾನು ಒಂದು ಲೋಟಕ್ಕೆ ಒಂದು ಚಮಚದಂತೆ ಎಲೆಯನ್ನು ಪಿಂಗಾಣಿ ಪಾತ್ರೆಗೆ ಹಾಕಿ, ಆಗಷ್ಟೇ ಮರಳಿದ ನೀರನ್ನು ಸುರಿದು, ತಟ್ಟೆ ಮುಚ್ಚಿ ಮೂರೂವರೆ ನಿಮಿಷ ಬಿಡುತ್ತೇನೆ. ತಟ್ಟೆ ತೆಗೆದಾಗ ಮುದುಡಿದ್ದ ಕಡ್ಡಿಗಳು ಬಿಚ್ಚಿಕೊಂಡು ಮತ್ತೆ ಎಲೆಗಳಾಗಿರುತ್ತವೆ. ನಮ್ಮ ಮನೆಯವರು ಇದಕ್ಕೆ ಇಂದಿಗೂ "ಬಿಸಿನೀರು" ಎಂದೇ ಕರೆಯುತ್ತಾರೆ, ಆ ಮಾತು ಬೇರೆ.

ಚಿಕ್ಕಮಗಳೂರಿನಿಂದ

ಕಾಫಿ ಬೆಳೆಯುವವನು ಚಹಾದ ಬಗ್ಗೆ ಬರೆಯುವುದು ಅಧಿಕಪ್ರಸಂಗವಾಗಬಹುದು, ಆದರೆ ಸಿಲೋನ್ ಚಹಾದ ಕಥೆ ಆರಂಭವಾಗುವುದು ಕಾಫಿ ತೋಟದಲ್ಲಿಯೇ. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಎರಡು ಮೂರು ದಶಕಗಳಲ್ಲಿ ಆ ದ್ವೀಪದ ಕಾಫಿಯನ್ನು ನೆಲಕಚ್ಚಿಸಿತು. ನಾವು ಇಂದಿಗೂ ಮಳೆಗೆ ಮುಂಚೆ ಅರೇಬಿಕಾಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಅದೇ ರೋಗದ ಭಯದಿಂದ. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವರು ಕ್ಯಾಂಡಿ ಬಳಿಯ ಲೂಲೆಕಂದೆರ ತೋಟದಲ್ಲಿ 19 ಎಕರೆಗೆ ಚಹಾ ನೆಟ್ಟಿದ್ದರು. ಕಾಫಿ ಸತ್ತ ಜಾಗಕ್ಕೆ ಅದು ಹಬ್ಬಿತು, ಮತ್ತು 1972ರಲ್ಲಿ ದೇಶ ಹೆಸರು ಬದಲಿಸಿಕೊಂಡರೂ ಚಹಾ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಹೋಗುತ್ತಿರುವ ಕಾಲವನ್ನು ಗಮನಿಸಿದರೆ ನುವಾರ ಎಲಿಯಕ್ಕಿಂತ ಊವ ಕಡೆಗೆ, ಅಂದರೆ ಹಪುತಲೆ, ಎಲ್ಲ, ಬದುಳ್ಳದ ಕಡೆಗೆ ಹೆಚ್ಚು ದಿನ ಇಡುವುದು ಜಾಣತನ. ನೈರುತ್ಯ ಮಳೆ ಬೆಟ್ಟದ ಪಶ್ಚಿಮ ಮಗ್ಗುಲನ್ನು ತೋಯಿಸುತ್ತಿರುವಾಗ ಪೂರ್ವದ ಮಗ್ಗುಲಿಗೆ ಇಳಿಯುವುದು ಬರೀ ಒಣ ಗಾಳಿ. ಆ ಗಾಳಿಗೆ ಗಿಡ ಬಳಲುತ್ತದೆ, ಚಿಗುರು ನಿಧಾನವಾಗುತ್ತದೆ, ಎಲೆಯಲ್ಲಿ ಒಂದು ವಿಶೇಷ ಪರಿಮಳ ಕಟ್ಟಿಕೊಳ್ಳುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಊವ ಚಹಾಕ್ಕೆ ಹೆಸರು ಬಂದಿರುವುದು ಇದರಿಂದಲೇ. ಮೊದಲ ಗುಟುಕಿಗೆ ಮೂಗಿನಲ್ಲಿ ಸುಳಿಯುವ ತಂಪು ನನಗೆ ನೋವಿನ ಮುಲಾಮನ್ನು ನೆನಪಿಸಿತು. ಎರಡನೆಯ ದಿನದ ಹೊತ್ತಿಗೆ ಅದೇ ಬೇಕೆನಿಸಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಹೋಗುವವರಿಗೆ ಇದೇ ಲೆಕ್ಕವನ್ನು ತಿರುಗಿಸಿ ಹೇಳಬೇಕು: ಆಗ ಪಶ್ಚಿಮದ ದಿಂಬುಲ ಒಳ್ಳೆಯದು.

ಹಪುತಲೆಯ ಹತ್ತಿರ 1890ರ ಸುಮಾರಿಗೆ ಥಾಮಸ್ ಲಿಪ್ಟನ್ ಕೊಂಡ ದಂಬತೆನ್ನ ತೋಟವಿದೆ. ಅದರ ನೆತ್ತಿಯ ಲಿಪ್ಟನ್ಸ್ ಸೀಟ್‌ಗೆ ಬೆಳಗ್ಗೆ ಬೇಗ ಹೋಗಿ, ಹೊತ್ತೇರಿದರೆ ಮಂಜು ಮುಚ್ಚಿಬಿಡುತ್ತದೆ. ಹಿರಿಯರಿಗೆ ಹತ್ತಿಳಿಯುವುದು ಕಷ್ಟವಾದರೆ ಕ್ಯಾಂಡಿಯ ಹಂತಾನದಲ್ಲಿ, ಹಳೆಯ ಕಾರ್ಖಾನೆಯೊಂದರ ಕಟ್ಟಡದಲ್ಲಿಯೇ ಇರುವ ಚಹಾ ವಸ್ತುಸಂಗ್ರಹಾಲಯ ಸಾಕು.

ಸುಳ್ಯದಿಂದ

ತೋಟ ನೋಡಲು ಹೋಗುವವರಿಗೆ ಒಂದು ಮಾತು ಹೇಳಬೇಕೆನಿಸಿತು. ಅಲ್ಲಿ ಎಲೆ ಕೊಯ್ಯುವ ಬಹುತೇಕ ಹೆಂಗಸರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಸ್ವಾತಂತ್ರ್ಯ ಬಂದೊಡನೆ, 1948ರ ಕಾಯ್ದೆಯಿಂದ, ಅವರಲ್ಲಿ ಹೆಚ್ಚಿನವರಿಗೆ ಪೌರತ್ವವೇ ಇಲ್ಲವಾಯಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ತೆಗೆದುಕೊಳ್ಳುವುದೆಂದು ಎರಡು ಸರ್ಕಾರಗಳು ಹಂಚಿಕೊಂಡವು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯೂರಿದರು.

ನನಗೆ ಪರಿಚಯದ ಅಜ್ಜಿಯೊಬ್ಬರು ಹಟ್ಟನ್ ಬಳಿ ಎಲೆ ಕೊಯ್ದವರು, ಆಮೇಲೆ ಬದುಕಿಡೀ ರಬ್ಬರ್ ಹಾಲು ತೆಗೆದವರು. ಚಹಾದ ಮಾತು ಬಂದರೆ ಇಂದಿಗೂ ಅವರ ಹೆಬ್ಬೆರಳು, ತೋರುಬೆರಳು ತಾವಾಗಿ ಆಡುತ್ತವೆ. ಎರಡು ಎಲೆ, ಒಂದು ಕುಡಿ. ಉಗುರು ತಾಗಿಸದೆ ಪಟ್ಟನೆ ಮುರಿಯಬೇಕು ಎಂದು ತೋರಿಸುತ್ತಾರೆ. ಅವರು ಕೊಡುವ ಚಹಾಕ್ಕೆ ಸಕ್ಕರೆ ಇರುವುದಿಲ್ಲ, ಅಂಗೈಗೆ ಒಂದು ತುಂಡು ಬೆಲ್ಲ ಕೊಡುತ್ತಾರೆ; ಕಚ್ಚಿಕೊಂಡು ಗುಟುಕರಿಸಬೇಕು. ಶ್ರೀಲಂಕಾದಲ್ಲಿ ಇದೇ ರೀತಿ ಕಿತುಲ್ ಬೆಲ್ಲ, ಅಂದರೆ ನಮ್ಮ ಬಗನಿ ಮರದ ಬೆಲ್ಲ ಕೊಡುತ್ತಾರೆ, ತಪ್ಪದೆ ರುಚಿ ನೋಡಿ.

ಆ ಹೆಂಗಸರಿಗೆ ಆ ದಿನದ ತೂಕ ತುಂಬಿದರೆ ಮಾತ್ರ ಪೂರ್ತಿ ಕೂಲಿ. ಆದ್ದರಿಂದ ಕೆಲಸದ ನಡುವೆ ನಿಲ್ಲಿಸಿ ಫೋಟೊ ಕೇಳುವುದಕ್ಕಿಂತ ಮಧ್ಯಾಹ್ನ ತೂಕದ ಹೊತ್ತಿಗೆ ಮಾತನಾಡಿಸುವುದು ಒಳ್ಳೆಯದು. ಹರುಕುಮುರುಕು ತಮಿಳು ಬಂದರೂ ಸಾಕು, ಊರು ಯಾವುದು ಎಂದು ಅವರೇ ಕೇಳುತ್ತಾರೆ.

ಬೆಂಗಳೂರಿನಿಂದ

ಕೊಳ್ಳುವಾಗ ಪೊಟ್ಟಣದ ಮೇಲೆ ಕತ್ತಿ ಹಿಡಿದ ಸಿಂಹದ ಗುರುತನ್ನು ನೋಡಿಕೊಳ್ಳಿ. ಅಲ್ಲಿನ ಚಹಾ ಮಂಡಳಿ ಅದನ್ನು ಬೇರೆ ದೇಶದ ಎಲೆ ಬೆರೆಸದ, ಶ್ರೀಲಂಕಾದಲ್ಲಿಯೇ ಪೊಟ್ಟಣ ಕಟ್ಟಿದ ಚಹಾಕ್ಕೆ ಮಾತ್ರ ಕೊಡುತ್ತದೆ. ದಾರಿಬದಿಯ ಅಂಗಡಿಯೊಂದರಲ್ಲಿ ನಾನು ಚೆಂದದ ಮರದ ಪೆಟ್ಟಿಗೆಗೆ ಮರುಳಾಗಿ ಇದನ್ನು ನೋಡದೆ ಕೊಂಡೆ. ಒಳಗಿದ್ದದ್ದು ಗಾಳಿಯಾಡಿ ಸಪ್ಪೆಯಾದ ಪುಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಎಂಥ ಎಲೆಯೂ ಮಂಕಾಗಿ, ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಫಿಲ್ಟರ್ ನೀರು ಬಳಸಿ.

ಮತ್ತೆ ಮೈಸೂರಿನಿಂದ

ಒಂದು ಬಿಟ್ಟುಹೋಗಿತ್ತು. ದಾಲ್ಚಿನ್ನಿಯನ್ನೂ ನೀವು ಖಂಡಿತ ಕೊಳ್ಳುತ್ತೀರಿ. ಅದನ್ನು ಚಹಾದ ಜತೆ ಒಂದೇ ಚೀಲದಲ್ಲಿ ಇಡಬೇಡಿ. ಚಹಾ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅರ್ಧ ಕಿಲೋ ಊವ ಚಹಾ ಆರು ತಿಂಗಳ ಕಾಲ ಬಿರಿಯಾನಿಯ ಪರಿಮಳ ಬೀರಿತು.