ಮೂವತ್ತು ಸಾವಿರಕ್ಕೆ ‘ಫ್ಲ್ಯಾಗ್‌ಶಿಪ್’ ಫೋನ್: ಬಳಸಿದವರು ಏನಂತೀರಿ?

ಕೇಳಿದವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬಜೆಟ್ 30,000. ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿಯವರು ಒಂದು ಫೋನ್ ತೋರಿಸಿ, ಇದು ಫ್ಲ್ಯಾಗ್‌ಶಿಪ್ (ಕಂಪನಿಯ ಎಲ್ಲಕ್ಕಿಂತ ಮೇಲಿನ, ದುಬಾರಿ ಫೋನ್) ಇದ್ದ ಹಾಗೆ, “ಲಕ್ಷ ರೂಪಾಯಿ ಫೋನಿನಲ್ಲಿ ಇರೋದೆಲ್ಲ ಇದರಲ್ಲೂ ಇದೆ” ಅಂದರು. ಬಾಗಿದ ಡಿಸ್‌ಪ್ಲೇ, 200 ಮೆಗಾಪಿಕ್ಸೆಲ್ ಕ್ಯಾಮೆರಾ, ನೀರಿಗೆ ಬಿದ್ದರೂ ಏನೂ ಆಗಲ್ಲವಂತೆ. ನಾನು ದಿನಾ ಬೈಕಿನಲ್ಲಿ ಶಹಾಬಾದ್‌ಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ರಜೆ ಸಿಕ್ಕರೆ ಊರು, ಹೊಲ. ಫೋಟೊ ಹುಚ್ಚು ಸ್ವಲ್ಪ ಇದೆ, ಗೇಮ್ ಆಡಲ್ಲ. ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದು ಸುಮ್ನೆ ಬಾಕ್ಸ್ ಮೇಲಿನ ಮಾತು?

ಮೊಬೈಲ್ ರಿಪೇರಿ ಮಾಡುವವರು, ಕಲಬುರಗಿ

ಸರ್, ಮೊದಲು ಆ ಬಾಗಿದ ಡಿಸ್‌ಪ್ಲೇ ಬಿಡಿ. ನಮ್ಮ ಕಡೆ ಮನೆ, ಅಂಗಡಿ, ಕಟ್ಟೆ, ಎಲ್ಲಿ ನೋಡಿದರೂ ಶಹಾಬಾದ್ ಕಲ್ಲು. ಅದರ ಮೇಲೆ ಫೋನ್ ಅಂಚಿಗೆ ಬಿದ್ದರೆ ಕಥೆ ಮುಗಿಯಿತು. ಮೇಲಿನ ಗಾಜಿಗೆ ಪ್ಯಾನೆಲ್ ಅಂಟಿಕೊಂಡೇ ಇರುವುದರಿಂದ ಸಾಮಾನ್ಯವಾಗಿ ಪೂರ್ತಿ ಡಿಸ್‌ಪ್ಲೇ ಬದಲಿಸಬೇಕಾಗುತ್ತದೆ. ಬಿಲ್ ನೋಡಿ, “ಇಷ್ಟಕ್ಕೆ ಇನ್ನೊಂದು ಫೋನೇ ಬರುತ್ತಲ್ರೀ” ಅನ್ನುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಸಪಾಟು ಪರದೆ ಇದ್ದರೆ ಮಾಮೂಲಿ ಟೆಂಪರ್ಡ್ ಗ್ಲಾಸ್ ಸರಿಯಾಗಿ ಕೂರುತ್ತದೆ. ಬಾಗಿದ್ದಕ್ಕೆ ಅದೂ ಕಷ್ಟ. ಕೊಳ್ಳುವ ಮೊದಲೇ ಆ ಮಾಡೆಲ್‌ನ ಡಿಸ್‌ಪ್ಲೇ ಬೆಲೆ ಕೇಳಿ. ಕಂಪನಿಯ ಸರ್ವಿಸ್ ಸೆಂಟರ್ ಊರಲ್ಲೇ ಇದೆಯೋ, ಹೈದರಾಬಾದ್‌ಗೆ ಕಳಿಸುತ್ತಾರೋ ಅದನ್ನೂ ಕೇಳಿ.

ಇನ್ನು ಐಪಿ ರೇಟಿಂಗ್, ಅಂದರೆ ಫೋನ್ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಎರಡು ಅಂಕಿ. ಎಲ್ಲರೂ ನೋಡುವುದು ಎರಡನೇ ಅಂಕಿಯನ್ನು. ಅದು ನೀರಿನದು. 7 ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ, 4 ಇದ್ದರೆ ನೀರು ಸಿಡಿದರೆ ಮಾತ್ರ ತಡೆಯುತ್ತದೆ. ಆ ಪರೀಕ್ಷೆ ಹೊಸ ಫೋನಿಗೆ, ಸಿಹಿನೀರಿನಲ್ಲಿ ಮಾಡುವುದು. ಸೋಪಿನ ನೀರು, ಉಪ್ಪುನೀರು ಲೆಕ್ಕಕ್ಕಿಲ್ಲ. ನೀರು ಹೊಕ್ಕರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ತುಂಬಾ ಫೋನ್‌ಗಳಲ್ಲಿ ಸಿಮ್ ಟ್ರೇ ಎಳೆದು ಟಾರ್ಚ್ ಬಿಟ್ಟರೆ ಒಳಗೆ ಒಂದು ಬಿಳಿ ಚುಕ್ಕೆ ಸ್ಟಿಕರ್ ಕಾಣುತ್ತದೆ. ಅದು ಕೆಂಪಾಗಿದ್ದರೆ ಸರ್ವಿಸ್ ಸೆಂಟರ್‌ನವರು ಮುಂದಿನ ಮಾತೇ ಆಡುವುದಿಲ್ಲ.

ನಿಮಗೆ ಬೇಕಾದದ್ದು ಮೊದಲ ಅಂಕಿ, ಧೂಳಿನದು. 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. 5 ಅಂದರೆ ಸ್ವಲ್ಪ ಹೋಗಬಹುದು. ಕಲ್ಲುಗಣಿ, ಸಿಮೆಂಟ್ ಧೂಳಿನ ಶಹಾಬಾದ್, ವಾಡಿ, ಸೇಡಂ ಕಡೆಯಿಂದ ಬರುವ ಫೋನ್ ಬಿಚ್ಚಿದರೆ ಸ್ಪೀಕರ್ ಜಾಲರಿಯಲ್ಲಿ ಬೂದು ಪುಡಿ ಹಿಟ್ಟಿನ ಹಾಗೆ ಕೂತಿರುತ್ತದೆ. ಐಪಿ64 ಇದ್ದರೂ ನಿಮಗೆ ಧಾರಾಳ ಸಾಕು.

ತೊಗರಿ ಬೆಳೆಯುವವರು, ಚಿತ್ತಾಪುರ

ಅಣ್ಣಾ ಧೂಳಿನ ಬಗ್ಗೆ ಹೇಳಿದ್ದು ಖರೆ. ತೊಗರಿ ರಾಶಿ ಮಾಡುವಾಗ ಜೇಬಿನಲ್ಲಿದ್ದ ಫೋನಿನ ಚಾರ್ಜಿಂಗ್ ಕಿಂಡಿಯಲ್ಲೂ ಹೊಟ್ಟು ತುಂಬಿರುತ್ತದೆ.

ನಾನು ಬಿಸಿಲಿನ ವಿಷಯ ಹೇಳುತ್ತೇನೆ. ಬಾಕ್ಸ್ ಮೇಲೆ 4,000 ನಿಟ್ಸ್, 5,000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಂತ ಬರೆದಿರುತ್ತಾರೆ. ಅದು ಎಚ್‌ಡಿಆರ್ (ಬೆಳಕು, ನೆರಳು ಎರಡೂ ಚೆನ್ನಾಗಿ ಕಾಣುವ) ವಿಡಿಯೊದಲ್ಲಿ ಪರದೆಯ ಒಂದು ಸಣ್ಣ ಜಾಗಕ್ಕೆ ಸಿಗುವ ಬೆಳಕು. ಹೊಲದಲ್ಲಿ ಕೆಲಸಕ್ಕೆ ಬರುವುದು ಎಚ್‌ಬಿಎಂ (ಹೈ ಬ್ರೈಟ್‌ನೆಸ್ ಮೋಡ್, ಬಿಸಿಲಿನಲ್ಲಿ ಇಡೀ ಪರದೆಗೆ ಸಿಗುವ ಬೆಳಕು) ಅಂತ ಬರೆದಿರುವ ಅಂಕಿ. ಅದು 1,200ರ ಮೇಲಿದ್ದರೆ ಒಳ್ಳೆಯದು. ಅದೂ ಫೋನ್ ತಣ್ಣಗಿರುವವರೆಗೆ ಮಾತ್ರ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಆಗುತ್ತದೆ, ಅಲ್ವಾ? ಆಪಲ್‌ನವರೇ ಐಫೋನ್‌ಗೆ ಸುತ್ತಲಿನ ಬಿಸಿ 35 ಡಿಗ್ರಿ ಒಳಗಿರಲಿ ಅನ್ನುತ್ತಾರೆ. ಕಾದ ಫೋನ್ ತಾನೇ ಬೆಳಕು ಇಳಿಸುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ. 120 ವ್ಯಾಟ್ ಚಾರ್ಜರ್ ಇದ್ದರೂ ಮಧ್ಯಾಹ್ನ ಆ ವೇಗ ಸಿಗುವುದಿಲ್ಲ. ಗೇಮ್ ಆಡಲ್ಲ ಅಂದಿರಲ್ಲ, ಹಾಗಾದರೆ ಬೇಗ ಬಿಸಿಯಾಗದ 4 ನ್ಯಾನೊಮೀಟರ್ ಚಿಪ್, ದೊಡ್ಡ ಬ್ಯಾಟರಿ, ಇಷ್ಟು ನೋಡಿ.

ಫೋಟೊ ಹುಚ್ಚಿನ ಅಕ್ಕ, ಬೀದರ್

200 ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ ತಮ್ಮಾ. ಸಾಮಾನ್ಯ ಮೋಡ್‌ನಲ್ಲಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ, ಕೊನೆಗೆ ಬರುವುದು 12.5 ಮೆಗಾಪಿಕ್ಸೆಲ್ ಫೋಟೊ. 50ರ ಕ್ಯಾಮೆರಾ ನಾಲ್ಕು ಸೇರಿಸಿ ಅಷ್ಟೇ ಕೊಡುತ್ತದೆ. ಜೊತೆಗಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ (ತೀರಾ ಹತ್ತಿರದ್ದನ್ನು ತೆಗೆಯುವ ಕ್ಯಾಮೆರಾ) ಬರೀ ಲೆಕ್ಕ ತುಂಬಿಸಲಿಕ್ಕೆ.

ನಿಜವಾಗಿ ದುಬಾರಿ ಫೋನಿನಿಂದ ಇಳಿದು ಬಂದಿರುವುದು ಟೆಲಿಫೋಟೊ, ಅಂದರೆ ದೂರದ್ದನ್ನು ಹತ್ತಿರ ತಂದು ತೆಗೆಯುವ ಲೆನ್ಸ್. 2025ರ ಮಾರ್ಚ್‌ನಲ್ಲಿ ಬಂದ ನಥಿಂಗ್ ಕಂಪನಿಯ ಫೋನ್ 3ಎಯಲ್ಲಿ 2 ಪಟ್ಟು ಹತ್ತಿರ ತರುವ ಟೆಲಿಫೋಟೊ, 3ಎ ಪ್ರೊದಲ್ಲಿ 3 ಪಟ್ಟು ಹತ್ತಿರ ತರುವ ಪೆರಿಸ್ಕೋಪ್ (ಬೆಳಕನ್ನು ಒಳಗೆ ಅಡ್ಡ ತಿರುಗಿಸುವ ಟೆಲಿಫೋಟೊ) ಲೆನ್ಸ್ ಇದೆ. ಎರಡಕ್ಕೂ ಐಪಿ64. ನಮ್ಮ ಮಹಮೂದ್ ಗವಾನ್ ಮದರಸಾದ ಮಿನಾರ್ ಮೇಲೆ ಉಳಿದಿರುವ ನೀಲಿ ಹೆಂಚುಗಳನ್ನು ಕೆಳಗೆ ನಿಂತು ತೆಗೆದು ನೋಡಿ. ಡಿಜಿಟಲ್ ಜೂಮ್‌ನಲ್ಲಿ ನೀಲಿ ಕಲೆ ಮಾತ್ರ ಕಾಣುತ್ತದೆ. ಟೆಲಿಫೋಟೊದಲ್ಲಿ ಒಂದೊಂದು ಹೆಂಚಿನ ಸಂದು ಬೇರೆಬೇರೆಯಾಗಿ ಕಾಣುತ್ತದೆ. ಜಾತ್ರೆಯಲ್ಲಿ ತೇರಿನ ಕಳಸ ತೆಗೆಯುವವರಿಗೂ ಇದೇ ಬೇಕು.

ಓಐಎಸ್ (ಕೈ ನಡುಗಿದರೂ ಫೋಟೊ ಮಸುಕಾಗದಂತೆ ಲೆನ್ಸ್ ಹಿಡಿದಿಡುವ ವ್ಯವಸ್ಥೆ) ಇರಲೇಬೇಕು. ಆದರೆ ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಓಡಾಡಬೇಡಿ. ಎಂಜಿನ್ ನಡುಕದಿಂದ ಓಐಎಸ್ ಕೆಡಬಹುದು ಅಂತ 2021ರಲ್ಲಿ ಆಪಲ್ ಎಚ್ಚರಿಸಿತ್ತು.

ಕಾಲೇಜು ಹುಡುಗ, ಯಾದಗಿರಿ

ಇಷ್ಟೆಲ್ಲ ಯಾಕೆ? ಎರಡು ವರ್ಷ ಹಳೆಯ ಫ್ಲ್ಯಾಗ್‌ಶಿಪ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ನಿಜವಾದ ಫ್ಲ್ಯಾಗ್‌ಶಿಪ್ ಅದೇ.

ಮೊಬೈಲ್ ರಿಪೇರಿ ಮಾಡುವವರು, ಕಲಬುರಗಿ

ತಮ್ಮಾ, ಕ್ಯಾಮೆರಾ ಮಟ್ಟಿಗೆ ನಿನ್ನ ಮಾತು ಒಪ್ಪುತ್ತೇನೆ. ಆದರೆ ಎರಡು ಬೇಸಿಗೆ ಕಂಡ ಬ್ಯಾಟರಿ ಅದು. ಒಮ್ಮೆ ಬಿಚ್ಚಿದ್ದರೆ ಸೀಲ್ ಮೊದಲಿನಂತೆ ಇರುವುದಿಲ್ಲ, ಅಪ್‌ಡೇಟ್ ವರ್ಷಗಳೂ ಕರಗಿರುತ್ತವೆ. ತಗೊಳ್ಳುವುದೇ ಆದರೆ *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಬೇರೆ ಇರುವ ಗುರುತಿನ ಸಂಖ್ಯೆ) ತೆಗೆದು, ಕದ್ದ, ಕಳೆದ ಫೋನ್‌ಗಳ ದಾಖಲೆ ಇಡುವ ಸರ್ಕಾರದ ಸಿಇಐಆರ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡು. ಕದ್ದ ಮಾಲು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

2018ರ ಪೋಕೊ ಎಫ್1 ನೆನಪಿದೆಯಾ? 20,999ಕ್ಕೆ ಸ್ನಾಪ್‌ಡ್ರಾಗನ್ 845. ಫ್ಲ್ಯಾಗ್‌ಶಿಪ್ ಚಿಪ್ ಕೊಟ್ಟು, ಪ್ಲಾಸ್ಟಿಕ್ ಬೆನ್ನು ಹಾಕಿ, ಓಐಎಸ್ ಬಿಟ್ಟಿದ್ದರು. ಈ ಬೆಲೆಯಲ್ಲಿ ಈಗ ಜಾಸ್ತಿ ಕಾಣುವುದು ಉಲ್ಟಾ: ಹೊರಗೆ ಕಾಣುವುದೆಲ್ಲ ದುಬಾರಿ, ಒಳಗಿನ ಚಿಪ್, ಸ್ಟೋರೇಜ್ ಮಧ್ಯಮ. ರ‍್ಯಾಮ್ (ಆ್ಯಪ್ ಓಡುವಾಗ ಬಳಸುವ ಮೆಮೊರಿ) “8 ಜಿಬಿ ಪ್ಲಸ್ 8 ಜಿಬಿ” ಅಂತ ಬರೆದಿದ್ದರೆ ಎರಡನೆಯದು ಸ್ಟೋರೇಜ್‌ನಿಂದ ಕಡ ತಂದದ್ದು, ರ‍್ಯಾಮ್ ಅಲ್ಲ.

ಕೇಳಿದವರು

ಬಾಗಿದ್ದು ಬೇಡ ಅಂತಾಯಿತು. ಅಪ್‌ಡೇಟ್ ಎಷ್ಟು ವರ್ಷ ಇರಬೇಕು?

ಫೋಟೊ ಹುಚ್ಚಿನ ಅಕ್ಕ, ಬೀದರ್

ಫೋನ್‌ಪೇ, ಬ್ಯಾಂಕ್ ಆ್ಯಪ್ ಎಲ್ಲ ಅದರಲ್ಲೇ ಇರುತ್ತದಲ್ಲ, ಸೆಕ್ಯುರಿಟಿ ಅಪ್‌ಡೇಟ್ ಕಡಿಮೆ ಅಂದರೂ ನಾಲ್ಕು ವರ್ಷ ಇರಲಿ. ನಥಿಂಗ್ 3ಎಗೆ ಆರು ವರ್ಷ ಅಂದಿದ್ದಾರೆ. ಸ್ಯಾಮ್‌ಸಂಗ್ ಎ36ಗೂ ಆರು, ಐಪಿ67 ಕೂಡ ಇದೆ. ಆದರೆ ಟೆಲಿಫೋಟೊ ಇಲ್ಲ, ಬಿಡುಗಡೆ ಬೆಲೆಯೂ 32,999 ಇತ್ತು. ಪಿಕ್ಸೆಲ್ 9ಎಗೆ ಏಳು ವರ್ಷ, ಚಿಪ್ ಕೂಡ ಪಿಕ್ಸೆಲ್ 9ರದ್ದೇ. ಅದು 49,999ಕ್ಕೆ ಬಂದದ್ದು, ನಿಮ್ಮ ಬಜೆಟ್ ದಾಟಿತು.

ನಾನಾಗಿದ್ದರೆ 3ಎ ತಗೊಳ್ಳುತ್ತಿದ್ದೆ. ಕೊಳ್ಳುವ ದಿನ ಮಧ್ಯಾಹ್ನವೇ ಹೋಗಿ. ಡೆಮೊ ಪೀಸ್ ಅಂಗಡಿ ಹೊರಗೆ ತಂದು, ಬಿಸಿಲಿನಲ್ಲಿ ನಿಂತು ಕ್ಯಾಮೆರಾ ತೆರೆದು ನಾಲ್ಕೈದು ನಿಮಿಷ ವಿಡಿಯೊ ಮಾಡಿ. ಹೊರಗೆ ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.